ಅರ್ಧರಾಕ್ಷಸ ಖಳನಾಯಕ, ಉಳಿಯದ ಪ್ರೀತಿ: ಫ್ಯಾಂಟಸಿ ಗೇಮ್ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಒಬ್ಬರೇ ಕೂತು, ಇಲ್ಲವೇ ಮೂರ್ನಾಲ್ಕು ಜನ ಸೇರಿ, ಕನ್ನಡದಲ್ಲಿ ಕಥೆಯಿರುವ ಆರ್‌ಪಿಜಿ (ಒಂದು ಪಾತ್ರ ವಹಿಸಿ ಆಡುವ ಗೇಮ್) ಕಟ್ಟುತ್ತಿರುವವರಿಗಾಗಿ ಈ ಉತ್ತರಗಳು. ಇಲ್ಲಿನ ಲೆಕ್ಕಗಳು ಎಂಟರಿಂದ ಹತ್ತು ಗಂಟೆ ಆಡುವ ಗೇಮ್‌ಗೆ ಹೊಂದುತ್ತವೆ. ನಿಮ್ಮದು ಚಿಕ್ಕದಾದರೆ ಅದೇ ಪ್ರಮಾಣದಲ್ಲಿ ಇಳಿಸಿಕೊಳ್ಳಿ.

ವಿವರಿಸುವುದಕ್ಕೆ ಉದ್ದಕ್ಕೂ ಒಂದೇ ಉದಾಹರಣೆ ಬಳಸಿದ್ದೇವೆ. ರಾಕ್ಷಸ ತಂದೆ, ಮನುಷ್ಯ ತಾಯಿ ಇರುವ ಒಬ್ಬ ಖಳ. ಹೊಳೆ ದಾಟಿಸುವ ದೋಣಿ ನಡೆಸುವ, ಅವನು ಪ್ರೀತಿಸುವ ಒಬ್ಬಳು. ರಾಕ್ಷಸರ ಹುಟ್ಟುಹೆಸರುಗಳನ್ನು ಕಡತದಲ್ಲಿ ಬರೆದಿಟ್ಟು ಅವರನ್ನು ಆಳುತ್ತಿರುವ ಒಂದು ಕೋಟೆ. ಆಟಗಾರ ಆ ಕೋಟೆಯ ಸಂಬಳ ತಿನ್ನುವವನು. ಈ ಲೋಕದ ನಿಯಮ ಒಂದೇ ಒಂದು: ರಾಕ್ಷಸ ರಕ್ತ ಇರುವವರ ಹುಟ್ಟುಹೆಸರನ್ನು ಒಮ್ಮೆ ಹೇಳಿದರೆ ಅವರು ನಿಲ್ಲಬೇಕು, ಎರಡನೆಯ ಸಲ ಹೇಳಿದರೆ ರಾಕ್ಷಸ ರೂಪ ಕಳಚಬೇಕು, ಮೂರನೆಯ ಸಲ ಹೇಳಿದರೆ ಪ್ರಾಣ ಹೋಗುತ್ತದೆ. ಖಳನ ಹೆಸರು ಕಡತದಲ್ಲಿಲ್ಲ. ಅವನ ತಾಯಿಗೆ ಗೊತ್ತಿತ್ತು. ಈಗ ದೋಣಿಯವಳಿಗೆ ಗೊತ್ತಿದೆ, ಏಕೆಂದರೆ ಅವನೇ ಹೇಳಿದ್ದಾನೆ.

ಅರ್ಧರಾಕ್ಷಸ ಎಂದರೆ ಯಾರು? ಪೂರ್ತಿ ರಾಕ್ಷಸನನ್ನೇ ಖಳನಾಗಿ ಮಾಡಿದರೆ ಆಗದೆ?

ಹೆತ್ತವರಲ್ಲಿ ಒಬ್ಬರು ಮನುಷ್ಯ, ಇನ್ನೊಬ್ಬರು ರಾಕ್ಷಸ ಕುಲ. ನಮಗೆ ಇದು ಹೊಸ ಕಲ್ಪನೆಯೇನಲ್ಲ, ಭೀಮ ಹಿಡಿಂಬೆಯರ ಮಗ ಘಟೋತ್ಕಚ ಇಂಥವನೇ. ಯುರೋಪಿನ ಮಧ್ಯಯುಗದ ಕಥೆಗಳಲ್ಲಿ ಮಾಂತ್ರಿಕ ಮರ್ಲಿನ್‌ನ ತಂದೆಯೂ ಮನುಷ್ಯನಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರ ವಹಿಸುವ ಆಟದ ಲೋಕದಲ್ಲಿ ಇಂಥ ಮಕ್ಕಳಿಗೆ ಕ್ಯಾಂಬಿಯನ್ ಎನ್ನುತ್ತಾರೆ. ವಂಶದಲ್ಲಿ ಎಂದೋ ಬೆರೆತ ರಕ್ತ ಈಗಲೂ ಮೈಮೇಲೆ ಕಾಣುವವರು ಟೀಫ್ಲಿಂಗ್‌ಗಳು. 2023ರ ಬಾಲ್ಡರ್ಸ್ ಗೇಟ್ 3ರಲ್ಲಿ ಒಪ್ಪಂದಗಳ ಬಲೆ ಬೀಸುವ ರಾಫೆಲ್ ಒಬ್ಬ ಕ್ಯಾಂಬಿಯನ್.

ಪೂರ್ತಿ ರಾಕ್ಷಸ ಊರು ಸುಟ್ಟರೆ ಯಾರೂ ಏಕೆ ಎಂದು ಕೇಳುವುದಿಲ್ಲ. ಅರ್ಧರಾಕ್ಷಸ ಸುಟ್ಟರೆ, ಸುಡದೆ ಇರಬಹುದಿತ್ತಲ್ಲ ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆ ಹುಟ್ಟದಿದ್ದರೆ ಕೊಂಬು ಬಿಡಿಸಿದ ಶ್ರಮವೆಲ್ಲ ದಂಡ. 2005ರ ಡೆವಿಲ್ ಮೇ ಕ್ರೈ 3 ಇದನ್ನು ನೇರವಾಗಿ ಮಾಡಿತು. ಡಾಂಟೆ ಮತ್ತು ವರ್ಜಿಲ್ ಅವಳಿಗಳು, ತಂದೆ ಸ್ಪಾರ್ಡಾ ರಾಕ್ಷಸ, ತಾಯಿ ಈವಾ ಮನುಷ್ಯಳು. ರಕ್ತ ಒಂದೇ, ಒಬ್ಬ ನಾಯಕ, ಇನ್ನೊಬ್ಬ ಪ್ರತಿನಾಯಕ. ಅಲ್ಲಿಗೆ ರಕ್ತ ನೆಪವಾಗಿ ಉಳಿಯುವುದಿಲ್ಲ, ಆಯ್ಕೆ ಮಾತ್ರ ಉಳಿಯುತ್ತದೆ.

ಅವನಿಗೆ ಏನು ಬೇಕು ಎಂಬುದನ್ನು ಹೇಗೆ ಗೊತ್ತುಮಾಡುವುದು?

"ಲೋಕವನ್ನು ಆಳಬೇಕು" ಎಂದು ಬರೆದಿದ್ದರೆ ಅಳಿಸಿಬಿಡಿ. ಲೋಕ ಆಳುವ ಆಸೆಯಿರುವವನ ಬದುಕಿನಲ್ಲಿ ದೋಣಿಯವಳಿಗೆ ಜಾಗವಿಲ್ಲ. ಅವಳು ಅಲಂಕಾರಕ್ಕೆ ಬಂದು ಹೋಗುತ್ತಾಳೆ.

ಒಂದೇ ವಾಕ್ಯದಲ್ಲಿ, ಕೈಯಲ್ಲಿ ಹಿಡಿಯಬಹುದಾದ ವಸ್ತುವಿನ ಮೇಲೆ ಆಸೆ ಇಡಿ. ನಮ್ಮ ಖಳನಿಗೆ ಬೇಕಿರುವುದು ಕೋಟೆಯ ಹೆಸರಿನ ಕಡತ, ಅದನ್ನು ಸುಡಬೇಕು. ಆಸೆ ನ್ಯಾಯವಾದದ್ದು. ಕಡತ ಎಲ್ಲಿದೆ ಎಂದು ತಿಳಿಯಲು ಅವನು ಹಿಡಿದ ದಾರಿ ಅನ್ಯಾಯದ್ದು: ಕೋಟೆಗೆ ದವಸ ಕಳಿಸುವ ಹಳ್ಳಿಗಳನ್ನು ಒಂದೊಂದಾಗಿ ಸುಡುತ್ತಾನೆ. ಈ ಎರಡನ್ನೂ ಆಟಗಾರ ಕಣ್ಣಾರೆ ನೋಡಬೇಕು. ಆಸೆಯನ್ನಷ್ಟೇ ತೋರಿಸಿದರೆ ಅವನು ತಪ್ಪು ತಿಳಿಯಲ್ಪಟ್ಟ ನಾಯಕನಾಗುತ್ತಾನೆ, ಬೂದಿಯನ್ನಷ್ಟೇ ತೋರಿಸಿದರೆ ಬೇಟೆಯ ಮೃಗವಾಗುತ್ತಾನೆ.

ಅವಳನ್ನು ಹೇಗೆ ಬರೆಯಬೇಕು? ಬರೀ "ಖಳನ ಪ್ರೇಯಸಿ" ಆಗದಂತೆ ಏನು ಮಾಡಬೇಕು?

ಅವಳಿಗೆ ಗೇಮ್‌ನಲ್ಲಿ ಒಂದು ಕೆಲಸ ಕೊಡಿ, ಆ ಕೆಲಸ ಆಟಗಾರನಿಗೆ ಪ್ರತಿ ಅರ್ಧ ಗಂಟೆಗೊಮ್ಮೆ ಬೇಕಾಗುವಂಥದ್ದಾಗಿರಲಿ. ಅವಳನ್ನು ದೋಣಿಯವಳನ್ನಾಗಿ ಮಾಡಿದ್ದೇ ಇದಕ್ಕೆ. ಅವಳ ದೋಣಿಯೇ ಗೇಮ್‌ನ ಫಾಸ್ಟ್ ಟ್ರಾವೆಲ್, ಅಂದರೆ ನಡೆಯದೆ ದೂರದ ಜಾಗಕ್ಕೆ ಥಟ್ಟನೆ ತಲುಪುವ ದಾರಿ. ಹತ್ತು ಸಲ ದಾಟಿಸಿಕೊಂಡವನಿಗೆ ಅವಳ ಪರಿಚಯ ಕಟ್‌ಸೀನ್ (ಆಟ ನಿಲ್ಲಿಸಿ ತೋರಿಸುವ ದೃಶ್ಯ) ಇಲ್ಲದೆ ಆಗಿರುತ್ತದೆ. ಅವಳು ಇಲ್ಲವಾದ ದಿನ ಕಡವಿನಲ್ಲಿ ಖಾಲಿ ದೋಣಿ ಅಲುಗಾಡುತ್ತಿರುತ್ತದೆ, ಆಟಗಾರ ನಡೆದು ಹೋಗಬೇಕಾಗುತ್ತದೆ. ನಷ್ಟ ಕಾಲಿಗೆ ತಿಳಿಯುತ್ತದೆ.

ಇಲ್ಲೊಂದು ಅಪಾಯವಿದೆ. ಫಾಸ್ಟ್ ಟ್ರಾವೆಲ್ ಪೂರ್ತಿ ಕಿತ್ತುಕೊಂಡರೆ ಆಟಗಾರನ ದುಃಖ ಹತ್ತು ನಿಮಿಷದಲ್ಲಿ ಸಿಟ್ಟಾಗುತ್ತದೆ, ಆ ಸಿಟ್ಟು ನಿಮ್ಮ ಮೇಲೆ ತಿರುಗುತ್ತದೆ. ಅವಳ ಸಾವಿನ ನಂತರ ಉಳಿದಿರುವ ಆಟ ಒಂದೂವರೆ ಗಂಟೆ ಮೀರದಿರಲಿ. ಮೀರುವುದಾದರೆ ಬೇರೆಯೊಬ್ಬ ದೋಣಿಯವನನ್ನು ಇಡಿ, ಅವನು ಕೇಳಿದ್ದಕ್ಕಷ್ಟೇ ಉತ್ತರ ಕೊಡಲಿ.

ಇನ್ನು ಎರಡು ವಿಷಯ. ಖಳನಿಗೆ ಸಂಬಂಧವೇ ಇಲ್ಲದ ಒಂದು ಸೈಡ್ ಕ್ವೆಸ್ಟ್ (ಮುಖ್ಯ ಕಥೆಯ ಹೊರಗಿನ ಕೆಲಸ) ಅವಳಿಗೆ ಇರಲಿ, ಉದಾಹರಣೆಗೆ ಕಡವಿನ ಸುಂಕದ ಜಗಳ. ಅವನು ಮಾಡಿದ್ದು ತಪ್ಪು ಎಂದು ಅವನ ಎದುರೇ ಹೇಳುವ ಒಂದು ಮಾತೂ ಇರಲಿ. ಪ್ರೀತಿಸಿದ ಮಾತ್ರಕ್ಕೆ ಸುಟ್ಟ ಹಳ್ಳಿಗಳು ಅವಳಿಗೆ ಕಾಣದಿದ್ದರೆ ಆಟಗಾರ ಇಬ್ಬರನ್ನೂ ಒಟ್ಟಿಗೆ ಕೈಬಿಡುತ್ತಾನೆ.

ಪ್ರೀತಿ ಉಳಿಯುವುದಿಲ್ಲ ಎಂಬುದು ಲೇಖಕರ ಹಟ ಅನ್ನಿಸದಂತೆ ಮಾಡುವುದು ಹೇಗೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಅತಿ ಹೆಚ್ಚು ಕೆಡುವ ಜಾಗವೂ ಇದೇ. ಕೊನೆಯ ಕಟ್‌ಸೀನ್‌ನಲ್ಲಿ ಎಲ್ಲಿಂದಲೋ ಒಂದು ಬಾಣ ಬಂದು ಅವಳಿಗೆ ತಾಗುತ್ತದೆ. ಅಷ್ಟು ಹೊತ್ತು ಬಾಣಗಳನ್ನು ತಪ್ಪಿಸಿಕೊಂಡೇ ಬಂದ ಆಟಗಾರ, ನನ್ನ ಕೈಗೆ ಯಾಕೆ ಬಿಡಲಿಲ್ಲ ಎಂದು ಕೇಳುತ್ತಾನೆ. ಅವನು ಕೇಳುವುದು ಸರಿ.

ಮಹಾಭಾರತದ ಹಿಡಿಂಬೆಯನ್ನು ನೋಡಿ. ಮಗ ಹುಟ್ಟುವ ತನಕ ಮಾತ್ರ ಭೀಮ ಜೊತೆಗಿರುತ್ತಾನೆ ಎಂಬ ಮಾತು ಮೊದಲ ದಿನವೇ ಆಗಿದೆ. ಅಗಲಿಕೆ ಹೊರಗಿನಿಂದ ಬಂದು ಬೀಳುವುದಿಲ್ಲ. ಘಟೋತ್ಕಚ ಹುಟ್ಟಿದ ಸಂತೋಷವೇ ಅಗಲಿಕೆಯ ಗಳಿಗೆ. ಶಂತನು ಗಂಗೆಯರದ್ದೂ ಹಾಗೆಯೇ, ಪ್ರಶ್ನೆ ಕೇಳಬಾರದು ಎಂಬ ಷರತ್ತಿನ ಮೇಲೆ ಮದುವೆ ನಿಂತಿದೆ. ಷರತ್ತು ಮೊದಲು, ಪ್ರೀತಿ ನಂತರ, ಷರತ್ತು ಮುರಿಯುವುದು ಆ ಪ್ರೀತಿಯ ಕಾರಣಕ್ಕೇ. ಗೇಮ್‌ಗೆ ಇದಕ್ಕಿಂತ ಒಳ್ಳೆಯ ಚೌಕಟ್ಟು ಸಿಗುವುದು ಕಷ್ಟ, ಏಕೆಂದರೆ ಗೇಮ್ ಎಂದರೇ ನಿಯಮ.

ನಮ್ಮ ಉದಾಹರಣೆಯಲ್ಲಿ ಅವನು ಪ್ರೀತಿಯ ಗುರುತಾಗಿ ಅವಳಿಗೆ ಕೊಟ್ಟದ್ದು ತನ್ನ ಹೆಸರು. ಅದು ಅವನನ್ನು ಕೊಲ್ಲಬಲ್ಲ ಆಯುಧ ಕೂಡ. ಅವನು ಅವಳನ್ನು ನಂಬದಿದ್ದರೆ ಅದು ಅವನ ಮೇಲೆ ತಿರುಗುತ್ತಿರಲಿಲ್ಲ. ಇದನ್ನು ಆಟಗಾರನ ತಲೆಯಲ್ಲಿ ಕೂರಿಸಲು ನಾಲ್ಕು ಮೆಟ್ಟಿಲು ಬೇಕು, ಇದೇ ಅನುಕ್ರಮದಲ್ಲಿ:

1. ನಿಯಮವನ್ನು ಗೇಮ್‌ನ ಮೊದಲ ಐದನೇ ಒಂದು ಭಾಗದೊಳಗೆ ಯಾರೋ ಮಾಮೂಲಿಯಾಗಿ ಹೇಳಬೇಕು. ಕೋಟೆಯ ಕಾವಲುಗಾರ ಹೊಸಬನಿಗೆ ಕೆಲಸ ಕಲಿಸುವಾಗ ಹೇಳಿದರೆ ಸಾಕು.

2. ಸಣ್ಣ ರಾಕ್ಷಸನೊಬ್ಬನ ಮೇಲೆ ಅದು ನಡೆಯುವುದನ್ನು ಆಟಗಾರ ನೋಡಬೇಕು. ಸಾಧ್ಯವಾದರೆ ಮೂರನೆಯ ಸಲ ಹೆಸರು ಹೇಳುವ ಬಟನ್ ಅವನೇ ಒತ್ತಲಿ. ಆ ಹೊತ್ತಿಗೆ ಅದು ಅವನಿಗೆ ಅನುಕೂಲವಾದ ಆಯುಧ, ಅಷ್ಟೇ.

3. ನಿಯಮದ ಇನ್ನೊಂದು ಮುಖ ಕಾಣಬೇಕು. ಕಡತದಿಂದ ಹೆಸರು ಅಳಿಸಿ ಬಿಡುಗಡೆಯಾದ ರಾಕ್ಷಸನೊಬ್ಬನಿಗೆ, ಆ ಹೆಸರಿನಿಂದ ಕರೆದವರು ಯಾರೂ ನೆನಪಿನಲ್ಲಿಲ್ಲ. ಹೆಸರು ಕಟ್ಟಿಹಾಕುವ ಹಗ್ಗವೂ ಹೌದು, ಮನುಷ್ಯರ ಜೊತೆಗಿನ ನಂಟೂ ಹೌದು.

4. ಆಮೇಲೆ ಮಾತ್ರ ದೋಣಿಯವಳಿಗೆ ಖಳನ ಹೆಸರು ಗೊತ್ತಿದೆ ಎಂಬುದು ಬಯಲಾಗಬೇಕು.

ಮೂರನೆಯ ಮೆಟ್ಟಿಲನ್ನು ಬಹಳ ಜನ ಬಿಡುತ್ತಾರೆ. ಬಿಟ್ಟರೆ "ಕಡತ ಸುಟ್ಟುಬಿಟ್ಟರೆ ಇಬ್ಬರೂ ಸುಖವಾಗಿರಬಹುದಲ್ಲ" ಎಂಬ ಬಾಗಿಲು ತೆರೆದೇ ಉಳಿಯುತ್ತದೆ, ಕೊನೆಗೆ ಅದನ್ನು ನೀವು ಬಲವಂತವಾಗಿ ಮುಚ್ಚಬೇಕಾಗುತ್ತದೆ.

ಇಬ್ಬರ ಕಥೆಗೆ ಎಷ್ಟು ದೃಶ್ಯ ಬೇಕು?

ಏಳು ಸಾಕು. ಮೊದಲನೆಯದು ಆಟದ ಶೇಕಡಾ 10ರ ಹೊತ್ತಿಗೆ: ಸುಟ್ಟ ಹಳ್ಳಿ, ಆದರೆ ಹೊಳೆಯ ದಡದ ಕಡವು ಮಾತ್ರ ಬೆಂಕಿ ಕಂಡಿಲ್ಲ. ಶೇಕಡಾ 20ರಲ್ಲಿ ಅವಳ ದೋಣಿ. 35ರಲ್ಲಿ ನಿಯಮದ ಪ್ರದರ್ಶನ. 50ರಲ್ಲಿ ಇಬ್ಬರನ್ನೂ ಒಟ್ಟಿಗೆ ಕಾಣುವ ಒಂದೇ ಒಂದು ದೃಶ್ಯ, ಆಟಗಾರ ಮರೆಯಿಂದ ಕೇಳಿಸಿಕೊಳ್ಳುತ್ತಾನೆ. 65ರಲ್ಲಿ ಬಿಡುಗಡೆಯಾದ ರಾಕ್ಷಸ, ಜೊತೆಗೆ ಕೋಟೆಗೆ ಅವಳ ಗುಟ್ಟು ಸಿಗುತ್ತದೆ. 80ರಲ್ಲಿ ಅವಳ ತೀರ್ಮಾನ. ಕೊನೆಯದು ಕಾಳಗ.

ಮರೆಯಿಂದ ಕೇಳುವ ದೃಶ್ಯ 25 ಮಾತುಗಳನ್ನು ಮೀರಬಾರದು, ಅದರಲ್ಲಿ "ಪ್ರೀತಿ" ಎಂಬ ಪದ ಬರಬಾರದು. ದೋಣಿಗೆ ಮೇಣ ಮೆತ್ತುವುದು ಹೇಗೆ ಎಂದು ಅವಳು ಅವನಿಗೆ ಬೈಯುತ್ತಾ ಹೇಳಿಕೊಡಲಿ. ಹಳ್ಳಿಗಳಿಗೆ ಬೆಂಕಿ ಇಟ್ಟ ಕೈ ಸಂದಿಗೆ ಸರಿಯಾಗಿ ಮೇಣ ತುಂಬಲಾರದೆ ಒದ್ದಾಡುವುದನ್ನು ನೋಡಿದರೆ ಮಿಕ್ಕಿದ್ದು ಆಟಗಾರನಿಗೆ ತಾನೇ ತಿಳಿಯುತ್ತದೆ.

ಸುಳಿವುಗಳನ್ನು ಆಟಗಾರ ನೋಡದೆ ಮುಂದೆ ಹೋಗಿಬಿಟ್ಟರೆ?

ಹೋಗಿಯೇ ಹೋಗುತ್ತಾನೆ. ಪೆಟ್ಟಿಗೆಯಲ್ಲಿಟ್ಟ ಪತ್ರವನ್ನು ಓದದೆ ಮುಚ್ಚುವವರು ಬಹಳ. ಕಥೆ ನಿಲ್ಲಲು ಬೇಕೇಬೇಕಾದ ಸಂಗತಿಗಳನ್ನು ಪಟ್ಟಿ ಮಾಡಿ. ನಮ್ಮ ಉದಾಹರಣೆಯಲ್ಲಿ ಅವು ಮೂರು: ನಿಯಮ, ನಿಯಮದ ಇನ್ನೊಂದು ಮುಖ, ಅವಳಿಗೆ ಹೆಸರು ಗೊತ್ತಿರುವುದು. ಪ್ರತಿಯೊಂದಕ್ಕೂ ಮೂರು ದಾರಿ ಇಡಿ: ಒಂದು ಮುಖ್ಯ ಕಥೆಯಲ್ಲಿ ತಪ್ಪಿಸಲಾಗದಂತೆ, ಒಂದು ಯಾರದೋ ಮಾತಿನಲ್ಲಿ, ಒಂದು ನೋಡುವ ವಸ್ತುವಿನಲ್ಲಿ. ಮಿಕ್ಕ ವಿವರಗಳು ಪತ್ರಗಳಲ್ಲಿ, ಐಟಂ ವಿವರಣೆಯಲ್ಲಿ ಧಾರಾಳವಾಗಿ ಇರಲಿ. ಹುಡುಕಿದವರಿಗೆ ಸಿಗುವ ಸಂತೋಷ ಅದು.

ಆಟಗಾರ ಅವಳನ್ನು ಮೊದಲೇ ಕೊಂದುಬಿಟ್ಟರೆ ಏನು ಗತಿ?

ಎಲ್ಲರನ್ನೂ ಕೊಲ್ಲಬಹುದಾದ ಗೇಮ್ ನಿಮ್ಮದಾದರೆ ಇದಕ್ಕೆ ಉತ್ತರ ಮೊದಲ ದಿನವೇ ಬೇಕು. ಅವಳಿಗಷ್ಟೇ ಕತ್ತಿ ತಾಗದಂತೆ ಮಾಡಿದರೆ, ಇವಳು ಮುಖ್ಯ ಪಾತ್ರ ಎಂದು ಡಂಗುರ ಹೊಡೆದಂತೆ.

ಹೆಸರಿಗೆ ಎರಡನೆಯ ಮೂಲ ಇಡಿ. ಅವನ ತಾಯಿಗೆ ಹೆರಿಗೆ ಮಾಡಿಸಿದ ಸೂಲಗಿತ್ತಿ ಇನ್ನೂ ಬದುಕಿದ್ದಾಳೆ ಎನ್ನಿ. ಅವಳಿಂದ ಹೆಸರು ಸಿಗುತ್ತದೆ, ಆದರೆ ಅವನು ಅದನ್ನು ಯಾರಿಗೆ ಕೊಟ್ಟಿದ್ದ ಎಂಬುದು ಸಿಗುವುದಿಲ್ಲ. ಕಥೆ ಮುಂದುವರಿಯುತ್ತದೆ, ಒಂದು ಕೋಣೆ ಕತ್ತಲಾಗಿಯೇ ಉಳಿಯುತ್ತದೆ.

ಏನೇನು ನಡೆದಿದೆ ಎಂದು ಗೇಮ್ ನೆನಪಿಡುವ ಫ್ಲ್ಯಾಗ್‌ಗಳ ವಿಷಯದಲ್ಲಿ ಸಾಮಾನ್ಯ ತಪ್ಪು ಎಂದರೆ ಪ್ರತಿ ಘಟನೆಗೂ ಒಂದೊಂದು ಹೌದು/ಅಲ್ಲ ಸ್ವಿಚ್ ಇಡುವುದು. ಆರು ಸ್ವಿಚ್ ಎಂದರೆ 64 ಸಂಯೋಜನೆ, ಅವುಗಳಲ್ಲಿ ಬಹುಪಾಲು ಅರ್ಥವಿಲ್ಲದವು, "ಸತ್ತಿದ್ದಾಳೆ" ಮತ್ತು "ಹೆಸರು ಹೇಳಲು ಕಾಯುತ್ತಿದ್ದಾಳೆ" ಎರಡೂ ಹೌದಾಗಿರುವಂಥವು. ಸತ್ತವಳು ದೋಣಿ ನಡೆಸುವ ಬಗ್ ಬರುವುದು ಇಲ್ಲಿಂದಲೇ. ಬದಲಿಗೆ ಅವಳ ಸ್ಥಿತಿಗೆ ಒಂದೇ ವೇರಿಯಬಲ್ ಇಟ್ಟು ಬೆಲೆ ಬದಲಿಸುತ್ತಾ ಹೋಗಿ: 0 ಭೇಟಿಯಾಗಿಲ್ಲ, 1 ಪರಿಚಯ, 2 ಗುಟ್ಟು ಗೊತ್ತು, 3 ಹೆಸರು ಕೊಟ್ಟಳು, 4 ಕೊಡಲಿಲ್ಲ, 5 ಆಟಗಾರನ ಕೈಯಲ್ಲಿ ಸತ್ತಳು, 6 ಕೋಟೆಯಲ್ಲಿ ಸತ್ತಳು. ಒಂದು ಹೊತ್ತಿಗೆ ಒಂದೇ ಬೆಲೆ.

ಗೇಮ್ ಕಟ್ಟುವ ತಂತ್ರಾಂಶಗಳ ಪೈಕಿ ಆರ್‌ಪಿಜಿ ಮೇಕರ್‌ನಲ್ಲಿ ಇದನ್ನು ಸೆಲ್ಫ್ ಸ್ವಿಚ್‌ನಲ್ಲಿ ಇಡಬೇಡಿ. ಅದು ಆ ಮ್ಯಾಪ್‌ನ ಆ ಈವೆಂಟ್‌ಗೆ ಅಂಟಿಕೊಂಡಿರುತ್ತದೆ, ಕೋಟೆಯ ಮ್ಯಾಪ್‌ನಿಂದ ಸುಲಭವಾಗಿ ಓದಲಾಗುವುದಿಲ್ಲ. ಸಾಮಾನ್ಯ ವೇರಿಯಬಲ್‌ನಲ್ಲಿಡಿ. ರೆನ್‌ಪೈನಲ್ಲಿ ಡಿಫಾಲ್ಟ್ ಬಳಸಿ ಘೋಷಿಸಿ. ಡಿಫೈನ್‌ನಿಂದ ಮಾಡಿದ್ದು ಬದಲಾಗದ ಬೆಲೆಗಳಿಗೆ, ಆಟದ ನಡುವೆ ಬದಲಿಸಿದರೆ ಸೇವ್‌ನಲ್ಲಿ ಉಳಿಯುವುದಿಲ್ಲ. ಇಂಕ್‌ನಲ್ಲಿ ಟೆಂಪ್ (ತಾತ್ಕಾಲಿಕ) ಅಲ್ಲ, ಗ್ಲೋಬಲ್ ವೇರಿಯಬಲ್ ಬೇಕು.

ಇಬ್ಬರನ್ನೂ ಉಳಿಸುವ ಎಂಡಿಂಗ್ ಇಡಬೇಕೇ?

ಅವನನ್ನು ಉಳಿಸಬಹುದು. ಪ್ರೀತಿಯನ್ನು ಉಳಿಸಬೇಡಿ. ನಮ್ಮ ನಿಲುವು ಇದು, ಕಾರಣ ನಿಯಮದಲ್ಲೇ ಇದೆ. ಮೂರನೆಯ ಸಲ ಹೆಸರು ಹೇಳುವ ಬದಲು ಆಟಗಾರ ಕಡತ ಸುಡಬಹುದು. ಆಗ ಕೋಟೆಯ ಹಿಡಿತ ಹೋಗುತ್ತದೆ, ಸೆರೆಯಲ್ಲಿದ್ದವರು ಹೊರಬರುತ್ತಾರೆ. ಆದರೆ ಅವನ ಹೆಸರು ಕಡತದಲ್ಲಿ ಇರಲಿಲ್ಲವಲ್ಲ ಎಂದು ಕೇಳುವವರು ಇದ್ದೇ ಇರುತ್ತಾರೆ. ಅದಕ್ಕೇ ಆಟದ ಶೇಕಡಾ 65ರ ದೃಶ್ಯದಲ್ಲಿ ಕೋಟೆ ಅವಳ ಬಾಯಿಂದ ಹೊರಡಿಸಿ ಅದನ್ನು ಬರೆದುಕೊಂಡಿರಬೇಕು. ಈ ಒಂದು ಕೊಂಡಿ ಬಿಟ್ಟರೆ ಇಡೀ ಎಂಡಿಂಗ್ ಕುಸಿಯುತ್ತದೆ. ಕಡತ ಬೂದಿಯಾದ ಮೇಲೆ ಅವನು ಬದುಕಿರುತ್ತಾನೆ, ಅವಳೂ ಬದುಕಿದ್ದರೆ ದಡದಿಂದ ಕರೆಯುತ್ತಾಳೆ, ಅವನು ತಿರುಗಿ ನೋಡುವುದಿಲ್ಲ.

1998ರ ಬಾಲ್ಡರ್ಸ್ ಗೇಟ್ ಬೇರೆ ದಾರಿ ಹಿಡಿಯಿತು. ಅಲ್ಲಿನ ಸರೆವೋಕ್ ರಾಕ್ಷಸನ ಮಗನಲ್ಲ, ಕೊಲೆಯ ದೇವರಾದ ಬಾಲ್‌ನ ಮಗ. ಅವನನ್ನು ಪ್ರೀತಿಸುವ ಟಮೋಕೊ ಅವನ ಶತ್ರುವಾದ ಆಟಗಾರನ ಬಳಿಗೇ ಬಂದು ಅವನ ಪರವಾಗಿ ಮಾತಾಡುತ್ತಾಳೆ. ಶತ್ರುವಿನ ಹತ್ತಿರ ಬೇಡುವ ಪ್ರೇಯಸಿ ಎಂಬ ಕಲ್ಪನೆ ಇವತ್ತಿಗೂ ಬಲವಾಗಿದೆ. 2001ರ ಥ್ರೋನ್ ಆಫ್ ಬಾಲ್‌ನಲ್ಲಿ ಸರೆವೋಕ್ ಮತ್ತೆ ಜೀವ ಪಡೆದು ಆಟಗಾರನ ಜೊತೆ ಸೇರಬಲ್ಲ. ಮರಳಿ ಬಂದವನು ಅವನು, ಅವಳಲ್ಲ. ಖಳನಿಗೆ ಎರಡನೆಯ ಅವಕಾಶ ಕೊಡುವಾಗ ಯಾರಿಗೆ ಅದು ಸಿಗಲಿಲ್ಲ ಎಂಬುದು ಗೇಮ್‌ಗೆ ನೆನಪಿರಬೇಕು.

ಕೊನೆಯ ಬಾಸ್ ಫೈಟ್ ಕಟ್ಟುವುದು ಹೇಗೆ? ಎಲ್ಲಿ ಕೆಡುತ್ತದೆ?

ಫೇಸ್‌ಗಳನ್ನು (ಕಾಳಗದ ಹಂತಗಳನ್ನು) ಎಚ್‌ಪಿಗೆ, ಅಂದರೆ ಅವನಲ್ಲಿ ಉಳಿದ ಪ್ರಾಣಶಕ್ತಿಗೆ ಮಾತ್ರ ಕಟ್ಟಬೇಡಿ, ಹೆಸರಿಗೆ ಕಟ್ಟಿ. ಎಚ್‌ಪಿ ಶೇಕಡಾ 65ಕ್ಕೆ ಇಳಿದಾಗ ಮೆನುವಿನಲ್ಲಿ "ಹೆಸರು ಹೇಳು" ಎಂಬ ಆಯ್ಕೆ ಮೊದಲ ಸಲ ಬರಲಿ, ಹೇಳಿದರೆ ಅವನು ಎರಡು ಸರದಿ ನಿಂತುಬಿಡಲಿ. ಶೇಕಡಾ 30ಕ್ಕೆ ಎರಡನೆಯ ಸಲ, ರಾಕ್ಷಸ ರೂಪ ಕಳಚಿ ಮನುಷ್ಯ ಉಳಿಯುತ್ತಾನೆ. ಇಲ್ಲಿಂದ ಅವನ ದಾಳಿಯ ಬಲವನ್ನು ಮೂರನೇ ಒಂದಕ್ಕೆ ಇಳಿಸಿ, ಸಂಗೀತ ನಿಲ್ಲಿಸಿ. ಗೆಲ್ಲುವುದು ಈಗ ಸುಲಭ. ಸುಲಭವಾಗಿರುವುದೇ ಇಲ್ಲಿನ ಭಾರ.

ಮೂರನೆಯ ಸಲಕ್ಕೆ ಟೈಮರ್ ಇಡಬೇಡಿ. ಓದುವುದು ನಿಧಾನವಿರುವವರು ತಮಗೆ ಬೇಡದ ಎಂಡಿಂಗ್‌ಗೆ ಬೀಳುತ್ತಾರೆ. ಆತುರದಲ್ಲಿ ಒತ್ತಿದ ಬಟನ್‌ಗೆ ಯಾರೂ ಹೊಣೆಯಾಗುವುದೂ ಇಲ್ಲ.

ಕೆಡುವ ಜಾಗಗಳು. ಆಟಗಾರ ಶಕ್ತಿ ಕೂಡಿಟ್ಟು ಒಂದೇ ಏಟಿಗೆ ಶೇಕಡಾ 70ರಿಂದ 10ಕ್ಕೆ ಇಳಿಸುತ್ತಾನೆ, ನಡುವಿನ ಫೇಸ್ ಹಾರಿಹೋಗುತ್ತದೆ. ಮದ್ದು: ಪ್ರತಿ ಗಡಿಯಲ್ಲೂ ಎಚ್‌ಪಿಯನ್ನು ತಡೆಹಿಡಿಯಿರಿ, ಫೇಸ್ ಬದಲಾದ ಮೇಲೆ ಮಾತ್ರ ಕೆಳಗಿಳಿಯಲು ಬಿಡಿ. ಎರಡನೆಯದು ವಿಷ. ಅವನು ಕೊನೆಯ ಮಾತು ಆಡುತ್ತಿರುವಾಗ ಹಳೆಯ ವಿಷದ ಪರಿಣಾಮ ಸರದಿ ಎಣಿಸುತ್ತಲೇ ಇರುತ್ತದೆ, ವಾಕ್ಯದ ನಡುವೆ ಸಾಯುತ್ತಾನೆ. ಫೇಸ್ ಬದಲಾಗುವಾಗ ಇಂಥ ಪರಿಣಾಮಗಳನ್ನೆಲ್ಲ ಅಳಿಸಿ. ಮೂರನೆಯದು ಜೊತೆಗಾರರು. ಆಟಗಾರನ ತಂಡದ ಎಐ ಪಾತ್ರ, ಎದುರಿಗಿರುವವನು ಮಾತಿಗೆ ನಿಂತಿದ್ದಾನೆಂದು ತಿಳಿಯದೆ ಬಾಣ ಬಿಟ್ಟು ಮುಗಿಸಿಬಿಡುತ್ತದೆ. ಎರಡನೆಯ ಹೆಸರಿನ ನಂತರ ಜೊತೆಗಾರರ ದಾಳಿ ನಿಲ್ಲಿಸಿ. ನಾಲ್ಕನೆಯದು, ಸೋತು ಮತ್ತೆ ಬಂದವನಿಗೆ ಅದೇ ಮಾತುಗಳನ್ನು ಐದು ಸಲ ಕೇಳಿಸುವುದು. ಮಾತು ಮುಗಿದ ಮೇಲೆ ಚೆಕ್‌ಪಾಯಿಂಟ್ ಇಡಿ.

ಹೆಸರು ಗೊತ್ತಿಲ್ಲದವನಿಗೂ ಗೆಲ್ಲುವ ದಾರಿ ಇರಲಿ. ಗೊತ್ತಿದ್ದವನಿಗೆ ಆರರಿಂದ ಎಂಟು ನಿಮಿಷ, ಗೊತ್ತಿಲ್ಲದವನಿಗೆ ಹತ್ತರಿಂದ ಹನ್ನೆರಡು. ಅವನು ರಾಕ್ಷಸ ರೂಪದಲ್ಲೇ ಸಾಯುತ್ತಾನೆ, ಮುಖ ಕಾಣುವುದಿಲ್ಲ.

ಖಳನ ಮಾತು ಹೇಗಿರಬೇಕು? ಹಳೆಗನ್ನಡ ಹಾಕಿದರೆ ಗಾಂಭೀರ್ಯ ಬರುವುದಿಲ್ಲವೇ?

"ಎಲವೋ ಮಾನವಾ" ಎಂದು ಬಾಯಿ ತೆರೆದ ಕ್ಷಣ ಅವನು ನಾಟಕದ ಪಾತ್ರವಾಗುತ್ತಾನೆ, ಅವಳ ಜೊತೆ ಮೇಣದ ಬಗ್ಗೆ ಮಾತಾಡಲಾರ. ಅವನನ್ನು ಬೆಳೆಸಿದವಳು ಹಳ್ಳಿಯ ತಾಯಿ. ಹಾಗಾಗಿ ಸಾದಾ ಆಡುಮಾತು ಅವನದು. ಸಂಸ್ಕೃತ ತುಂಬಿದ ಗ್ರಾಂಥಿಕ ಭಾಷೆಯನ್ನು ಕೋಟೆಯ ಅಧಿಕಾರಿಗಳಿಗೆ ಕೊಡಿ, ಕಡತದ ಭಾಷೆ ಅವರಿಗೆ ಒಪ್ಪುತ್ತದೆ. ರಾಕ್ಷಸ ರೂಪದಲ್ಲಿ ಅವನ ಮಾತಿನಿಂದ "ನಾನು" ಎಂಬ ಪದವನ್ನು ಪೂರ್ತಿ ತೆಗೆದುಬಿಡಿ. ಯಾರೂ ಎತ್ತಿ ತೋರಿಸುವುದಿಲ್ಲ, ಆದರೆ ಎಲ್ಲರ ಕಿವಿಗೂ ಏನೋ ಕಡಿಮೆಯಾದದ್ದು ತಿಳಿಯುತ್ತದೆ.

ಕನ್ನಡ ನಮಗೆ ಇನ್ನೊಂದು ದೊಡ್ಡ ಅನುಕೂಲ ಮಾಡಿಕೊಟ್ಟಿದೆ: ಲಿಂಗ. ನಮ್ಮಲ್ಲಿ ಮನುಷ್ಯರಿಗೆ ಅವನು, ಅವಳು. ಪ್ರಾಣಿಗೆ, ವಸ್ತುವಿಗೆ ಅದು. ಕ್ರಿಯಾಪದವೂ ಜೊತೆಗೇ ಬದಲಾಗುತ್ತದೆ. ಸುಟ್ಟ ಹಳ್ಳಿಯ ಮುದುಕಿ ಹೇಳುತ್ತಾಳೆ: "ಅದು ರಾತ್ರಿ ಬಂತು ಕಣಪ್ಪ, ಕಣಜಕ್ಕೆ ಬೆಂಕಿ ಇಟ್ಟು ಹೋಯ್ತು." ದೋಣಿಯವಳು ಹೇಳುತ್ತಾಳೆ: "ಅವನಿಗೆ ಈಜು ಬರಲ್ಲ. ನೀರು ಕಂಡ್ರೆ ಹೆದರ್ತಾನೆ." ಒಬ್ಬನ ಬಗ್ಗೆಯೇ ಇಬ್ಬರೂ ಆಡುತ್ತಿರುವುದು. ಇಡೀ ಕಥೆ ಆ "ಬಂತು" ಮತ್ತು "ಹೆದರ್ತಾನೆ"ಗಳ ನಡುವೆ ಇದೆ.

ಇದನ್ನು ಆಟದ ಭಾಗವಾಗಿಯೂ ಮಾಡಬಹುದು. ಅವಳ ಎದುರು ಆಟಗಾರನ ಡೈಲಾಗ್ ಆಯ್ಕೆಗಳಲ್ಲಿ ಒಂದು "ಅದು ಎಲ್ಲಿ ಅಡಗಿದೆ?" ಆಗಿರಲಿ, ಇನ್ನೊಂದು "ಅವನು ಎಲ್ಲಿದ್ದಾನೆ?" ಆಗಿರಲಿ. ಮೊದಲನೆಯದನ್ನು ಮೂರು ಸಲ ಆರಿಸಿದವನಿಗೆ ಅವಳು ಹೆಸರು ಕೊಡುವುದಿಲ್ಲ, ಸ್ಥಿತಿ 4ಕ್ಕೆ ಹೋಗುತ್ತದೆ. ಯಾಕೆಂದು ಗೇಮ್ ವಿವರಿಸದಿರಲಿ. ಅವಳೇ ಒಮ್ಮೆ ತಡೆದು "ಅವನು ಅನ್ನಿ" ಎಂದು ತಿದ್ದಿದರೆ ಸಾಕು.

ನೀನು, ನೀವುಗಳನ್ನೂ ಲೆಕ್ಕವಿಟ್ಟು ಬಳಸಿ. ಅವಳು ಆಟಗಾರನಿಗೆ ಮೊದಲು "ದಾಟ್ತೀರಾ?" ಎನ್ನುತ್ತಾಳೆ. ಯಾವ ದೃಶ್ಯದಿಂದ "ದಾಟ್ತೀಯಾ?" ಆಗುತ್ತದೆ ಎಂಬುದನ್ನು ಸ್ಕ್ರಿಪ್ಟ್‌ನಲ್ಲಿ ಗುರುತು ಹಾಕಿ. ಬೇರೆಬೇರೆ ದಿನ ಬರೆದ ಸಾಲುಗಳಲ್ಲಿ ಇವು ಕಲಸಿಹೋಗುವುದು ತೀರ ಸಾಮಾನ್ಯ.

ಅವನ ಹೆಸರನ್ನು ಆರಿಸುವುದು ಹೇಗೆ?

ತಾಯಿ ಮಗುವಿಗೆ ಇಡುವ ಹೆಸರು ಅದು. ಭಯ ಹುಟ್ಟಿಸುವ ಒತ್ತಕ್ಷರಗಳು ಬೇಡ, ಎರಡು ಮೂರು ಅಕ್ಷರ ಸಾಕು. ಕರೆಯುವಾಗ ಕನ್ನಡದಲ್ಲಿ ಕೊನೆಯ ಸ್ವರ ಎಳೆಯುತ್ತದೆ, ರಾಮ ಎಂಬುದು "ರಾಮಾ" ಆಗುವಂತೆ. ಕೋಟೆಯವರು ಹೆಸರನ್ನು ಓದುತ್ತಾರೆ, ಅವಳು ಕರೆಯುತ್ತಾಳೆ. ಧ್ವನಿ ಮುದ್ರಿಸುವಾಗ ಈ ಎರಡನ್ನೂ ಬೇರೆಬೇರೆ ತೆಗೆದುಕೊಳ್ಳಿ.

ಒತ್ತಕ್ಷರ ಒಡೆದು ಕಾಣುತ್ತದೆ, ಏನು ಮಾಡಲಿ?

ಅಕ್ಷರ ಜೋಡಿಸುವ ಶೇಪಿಂಗ್ ಕೆಲಸವನ್ನು ಗೇಮ್ ನಡೆಸುವ ಎಂಜಿನ್ ಮಾಡಬೇಕು. ಗೊಡೊ 4 ಎಂಜಿನ್‌ನಲ್ಲಿ ಹಾರ್ಫ್‌ಬಜ್ ಎಂಬ ಶೇಪರ್ ಇರುವುದರಿಂದ ಕನ್ನಡ ಸರಿಯಾಗಿ ಕೂರುತ್ತದೆ, ಹೊಸ ರೆನ್‌ಪೈ ಆವೃತ್ತಿಗಳಲ್ಲೂ ಆ ಶೇಪರ್ ಇದೆ. ಯೂನಿಟಿಯ ಟೆಕ್ಸ್ಟ್‌ಮೆಶ್ ಪ್ರೊ ಒಂದನ್ನೇ ನಂಬಿದರೆ ಒತ್ತುಗಳು ಚೆದುರುತ್ತವೆ. ಆರ್‌ಪಿಜಿ ಮೇಕರ್ ಎಂವಿ ಮೆಸೇಜನ್ನು ಒಂದೊಂದೇ ಕೋಡ್ ಪಾಯಿಂಟ್ (ಯೂನಿಕೋಡ್‌ನ ಬಿಡಿ ಚಿಹ್ನೆ) ಆಗಿ ಬರೆಯುವುದರಿಂದ ಅಲ್ಲೂ ಒಡೆಯುತ್ತದೆ.

ಎಂಜಿನ್ ಸರಿಯಿದ್ದರೂ ಟೈಪ್‌ರೈಟರ್ ಎಫೆಕ್ಟ್ (ಮಾತು ಒಂದೊಂದೇ ಅಕ್ಷರವಾಗಿ ಮೂಡುವುದು) ಕೈಕೊಡಬಹುದು. "ಪ್ರೀತಿ" ಕಣ್ಣಿಗೆ ಎರಡು ಅಕ್ಷರ, ಯೂನಿಕೋಡ್‌ನಲ್ಲಿ ಆರು ಕೋಡ್ ಪಾಯಿಂಟ್: ಪ, ವಿರಾಮ (್), ರ, ಈಕಾರ, ತ, ಇಕಾರ. ಒಂದೊಂದಾಗಿ ತೋರಿಸಿದರೆ ಮೊದಲು ಪ, ಆಮೇಲೆ ಪ್, ಆಮೇಲೆ ಪ್ರ ಎಂದು ಮಿಣುಕುತ್ತದೆ. ವ್ಯಂಜನದ ಜೊತೆ ಅದರ ಸ್ವರಚಿಹ್ನೆಯನ್ನೂ, ವಿರಾಮ ಬಂದರೆ ಮುಂದಿನ ವ್ಯಂಜನವನ್ನೂ ಸೇರಿಸಿ ಒಂದು ಗುಂಪು ಮಾಡಿ, ಗುಂಪುಗುಂಪಾಗಿ ತೋರಿಸಿ. ಪರೀಕ್ಷೆಗೆ "ಸ್ತ್ರೀ", "ರಾಷ್ಟ್ರ", "ಸೂರ್ಯ" ಸಾಕು. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ಟಿರೊ ಕನ್ನಡ ಫಾಂಟ್‌ಗಳನ್ನು ಗೇಮ್ ಜೊತೆ ಹಂಚಲು ಪರವಾನಗಿಯ ತೊಡಕಿಲ್ಲ. ಸಾಲುಗಳ ಅಂತರ ಅಕ್ಷರದ ಗಾತ್ರದ ಒಂದೂವರೆ ಪಟ್ಟಾದರೂ ಇರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಆಡಿಸಿ ನೋಡುವಾಗ ಏನು ಕೇಳಬೇಕು?

ಐದಾರು ಜನ ಸಾಕು, ಆದರೆ ಕಥೆ ಗೊತ್ತಿಲ್ಲದವರಾಗಿರಬೇಕು. "ಇಷ್ಟವಾಯಿತೆ" ಎಂದು ಕೇಳಬೇಡಿ. ಆಟದ ಅರ್ಧದಲ್ಲಿ ನಿಲ್ಲಿಸಿ, ಮುಂದೆ ಏನಾಗಬಹುದು ಎಂದು ಕೇಳಿ. "ಇವರಿಬ್ಬರೂ ಒಟ್ಟಿಗೆ ಇರಲಾರರು ಅನ್ನಿಸುತ್ತದೆ, ಆದರೆ ಹೇಗೆ ಗೊತ್ತಿಲ್ಲ" ಎಂದರೆ ಸರಿಯಾದ ಜಾಗದಲ್ಲಿದ್ದೀರಿ. "ಅವಳು ಸಾಯ್ತಾಳೆ" ಎಂದಷ್ಟೇ ಹೇಳಿದರೆ ಸುಳಿವು ಅತಿಯಾಗಿದೆ. ಅವಳ ಬಗ್ಗೆ ಯಾರೂ ಏನೂ ಹೇಳದಿದ್ದರೆ ದೋಣಿ ಪ್ರಯಾಣಗಳು ಸಾಲದು, ಹೊಳೆಯ ಆ ಕಡೆ ಇನ್ನೆರಡು ಕೆಲಸ ಇಡಿ. ಆಟ ಮುಗಿದ ಮೇಲೆ ಕೇಳಬೇಕಾದ್ದು ಒಂದೇ: ಮೂರನೆಯ ಸಲ ಹೆಸರು ಹೇಳುವ ಮುಂಚೆ ಎಷ್ಟು ಹೊತ್ತು ನಿಂತಿರಿ? ಅವರ ಉತ್ತರಕ್ಕಿಂತ ರೆಕಾರ್ಡಿಂಗ್ ನಂಬಿ.

ಅವನು ಸತ್ತ ಮೇಲೆ ಆಟಗಾರನಿಗೆ ಏನು ಸಿಗಬೇಕು?

ಕತ್ತಿ ಬೇಡ, ಅನುಭವದ ಅಂಕಗಳ ಮೆರವಣಿಗೆ ಬೇಡ. ಮೇಣ ಮೆತ್ತಿದ ಒಂದು ಮರದ ಚಕ್ಕೆ ಸಾಕು, ಯಾವ ಶಕ್ತಿಯೂ ಇಲ್ಲದ್ದು, ಮಾರಲಾಗದ್ದು. ಆಮೇಲೆ ಕ್ವೆಸ್ಟ್ ಲಾಗ್‌ನಲ್ಲಿ ಒಂದು ಸಾಲು ಬರುತ್ತದೆ. ಅದನ್ನು ಎರಡು ಥರ ಬರೆದಿಟ್ಟುಕೊಳ್ಳಿ, ಆಟಗಾರ ಉದ್ದಕ್ಕೂ ಆರಿಸಿದ ಮಾತುಗಳ ಪ್ರಕಾರ ಎರಡರಲ್ಲಿ ಒಂದು ಮೂಡಲಿ: "ಅದು ಸತ್ತಿತು." ಅಥವಾ "ಅವನು ಸತ್ತ."